ಊರಿಗೊಂದು ಹೋಟೆಲ್ ಕೊಟ್ಟ ಜಮ್‌ಶೆಟ್‌ಜಿ ಟಾಟಾ

ಬೇಗೂರು: ಬೆಂಗಳೂರೆಂಬ ಹೆಸರು ಕಲ್ಲಿನ ಮೇಲೆ ಮೊದಲು ಕಾಣಸಿಗುವುದು ಇಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಹಳಗನ್ನಡ ಶಾಸನದಲ್ಲಿ. ಹಿಂದಿನ ಕಾಲದ ದಾರಿಹೋಕರಿಗೆ ಗುಡಿಯ ಜಗಲಿ ಅಥವಾ ಛತ್ರವೇ ತಂಗುದಾಣ. ಇಂದು ಇದೇ ಊರಿನ ಮಗ್ಗುಲಲ್ಲಿ ಹೊಸೂರು ರಸ್ತೆ ಹಿಡಿದು ಎಲೆಕ್ಟ್ರಾನಿಕ್ಸ್ ಸಿಟಿಗೆ ಬರುವವರು ನಕ್ಷತ್ರಗಳನ್ನು ಎಣಿಸಿ, ಬೆಲೆ ತೂಗಿ, ತಮಗೊಪ್ಪುವ ಹೋಟೆಲನ್ನು ಆರಿಸಿಕೊಳ್ಳುತ್ತಾರೆ. ಧರ್ಮ, ಜನಾಂಗ, ಜಾತಿಯ ಕಾರಣಕ್ಕೆ ಯಾರನ್ನೂ ಹೋಟೆಲಿನ ಬಾಗಿಲಲ್ಲಿ ತಡೆಯಬಾರದೆಂದು ಸಂವಿಧಾನದ 15ನೇ ವಿಧಿ ಹೋಟೆಲುಗಳ ಹೆಸರೆತ್ತಿಯೇ ವಿಧಿಸಿದೆ. ಅದು ಜಾರಿಗೆ ಬಂದದ್ದು 1950ರಲ್ಲಿ. ಅದಕ್ಕೂ ಅರ್ಧ ಶತಮಾನ ಮೊದಲು, ಭಾರತೀಯನೊಬ್ಬ ಹಣವಿದ್ದೂ ತನ್ನದೇ ದೇಶದ ನಗರದಲ್ಲಿ ಒಳ್ಳೆಯ ಹೋಟೆಲನ್ನು ಆರಿಸುವ ಸ್ಥಿತಿಯಲ್ಲಿರಲಿಲ್ಲ. ಆ ಕೊರತೆಯನ್ನು ಸ್ವಂತ ಹಣದಿಂದ ತುಂಬಲು ಹೊರಟವರು ಜಮ್‌ಶೆಟ್‌ಜಿ ನಸರ್‌ವಾನ್‌ಜಿ ಟಾಟಾ.

ಗುಜರಾತಿನ ನವಸಾರಿಯಲ್ಲಿ 1839ರ ಮಾರ್ಚ್ 3ರಂದು ಜನಿಸಿದ ಜಮ್‌ಶೆಟ್‌ಜಿ, ತಲೆಮಾರುಗಳಿಂದ ಪಾರಸಿ ಪೌರೋಹಿತ್ಯ ನಡೆಸಿಕೊಂಡು ಬಂದ ಮನೆತನದವರು. ಆ ದಾರಿ ಬಿಟ್ಟು ವ್ಯಾಪಾರಕ್ಕಿಳಿದ ಮೊದಲಿಗರು ಅವರ ತಂದೆ. ಹದಿಹರೆಯದಲ್ಲೇ ಮುಂಬಯಿಗೆ ಬಂದ ಜಮ್‌ಶೆಟ್‌ಜಿ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1858ರಲ್ಲಿ ವಿದ್ಯಾಭ್ಯಾಸ ಮುಗಿಸಿ, ತಂದೆಯ ವ್ಯಾಪಾರಕ್ಕೆ ಸೇರಿದರು. ಅಮೆರಿಕದ ಅಂತರ್ಯುದ್ಧ ಮುಗಿದೊಡನೆ 1865ರಲ್ಲಿ ಹತ್ತಿಯ ಬೆಲೆ ಕುಸಿದಾಗ ಮುಂಬಯಿಯ ಅನೇಕ ವರ್ತಕರಂತೆ ಟಾಟಾ ಕುಟುಂಬವೂ ಪೆಟ್ಟು ತಿಂದಿತು. ಮೂರು ವರ್ಷಗಳ ಬಳಿಕ 21 ಸಾವಿರ ರೂಪಾಯಿ ಬಂಡವಾಳದೊಡನೆ ಅವರು ಸ್ವಂತ ವ್ಯಾಪಾರ ಆರಂಭಿಸಿದರು. 1877ರ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಮಿಲ್ ಆರಂಭವಾಯಿತು. ಕಾರ್ಮಿಕರಿಗೆ ಪಿಂಚಣಿ ನಿಧಿ, ಅಪಘಾತ ಪರಿಹಾರ ಮುಂತಾದವು ಕಾನೂನಿನ ಒತ್ತಾಯಕ್ಕೆ ಬಹು ಮೊದಲೇ ಅಲ್ಲಿ ಜಾರಿಗೆ ಬಂದವು. ಗಿರಣಿಗಳ ಕಥೆ ದೊಡ್ಡದು. ಇಲ್ಲಿ ಅಷ್ಟು ಸಾಕು.

ಜಮ್‌ಶೆಟ್‌ಜಿ ದೇಶ ಸುತ್ತಿದವರು, ಊಟೋಪಚಾರದಲ್ಲಿ ರುಚಿ ಬಲ್ಲವರು. ಹಾಂಗ್‌ಕಾಂಗ್, ಲಂಡನ್, ಪ್ಯಾರಿಸ್ ನಗರಗಳನ್ನು ಕಂಡವರಿಗೆ ಮುಂಬಯಿಯ ವಸತಿಗೃಹಗಳು ಹೇಗೆ ಕಂಡಿರಬೇಕೆಂದು ಊಹಿಸುವುದು ಕಷ್ಟವಲ್ಲ. ಊರಿನ ಹೆಸರಾಂತ ಹೋಟೆಲೆಂದರೆ ವಾಟ್ಸನ್ಸ್. ಇಂಗ್ಲೆಂಡಿನಲ್ಲಿ ಎರಕಹೊಯ್ದ ಕಬ್ಬಿಣದ ಭಾಗಗಳನ್ನು ಹಡಗಿನಲ್ಲಿ ತಂದು ಜೋಡಿಸಿದ ಆ ಕಟ್ಟಡದೊಳಗೆ ಪ್ರವೇಶ ಯೂರೋಪಿಯನ್ನರಿಗೆ ಮಾತ್ರ. 1896ರಲ್ಲಿ ಲ್ಯೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು ಭಾರತದಲ್ಲಿ ಮೊದಲು ಪ್ರದರ್ಶನಗೊಂಡದ್ದೂ ಅಲ್ಲೇ. ಜಮ್‌ಶೆಟ್‌ಜಿಯವರನ್ನು ಆ ಬಾಗಿಲಲ್ಲಿ ತಡೆದರೆಂದೂ ಅದೇ ಛಲದಿಂದ ಅವರು ತಾಜ್ ಕಟ್ಟಿದರೆಂದೂ ಹೇಳುವ ಕಥೆ ಜನಜನಿತ. ಇತಿಹಾಸಕಾರರು ಅದನ್ನು ನಂಬಲು ಹಿಂಜರಿಯುತ್ತಾರೆ. ಒಬ್ಬರಿಗಾದ ಅವಮಾನದ ಕಥೆ ಹೇಳಲು ಸುಲಭ. ಆದರೆ ಅವರ ಕಣ್ಣ ಮುಂದಿದ್ದ ಕಾರಣ ಅದಕ್ಕಿಂತ ದೊಡ್ಡದಾಗಿತ್ತು.

1896ರಲ್ಲಿ ಮುಂಬಯಿಗೆ ಪ್ಲೇಗ್ ಕಾಲಿಟ್ಟಿತು. ಜನ ಮನೆಮಠ ಬಿಟ್ಟು ಓಡಿದರು, ಗಿರಣಿಗಳು ನಿಂತವು, ಹಡಗುಗಳು ಬಂದರಿಗೆ ಬರಲು ಅಂಜಿದವು. ಜಗತ್ತೇ ದೂರವಿಟ್ಟ ಆ ನಗರದಲ್ಲಿ, 1898ರ ನವೆಂಬರಿನಲ್ಲಿ, ಅಪೊಲೊ ಬಂದರಿನ ಬಳಿ ಜಮ್‌ಶೆಟ್‌ಜಿ ಹೋಟೆಲಿಗಾಗಿ ಜಾಗ ಪಡೆದರು. ಬರುವವರೇ ಇಲ್ಲದ ಊರಿನಲ್ಲಿ ಅತಿಥಿಗೃಹವೇಕೆಂಬ ಪ್ರಶ್ನೆ ಎದ್ದುದು ಸಹಜ. ಗಿರಣಿ, ಉಕ್ಕಿನ ಕನಸು ಕಾಣುವ ಮನುಷ್ಯ ಊಟ ವಸತಿಯ ವ್ಯಾಪಾರಕ್ಕಿಳಿಯುವುದು ಮನೆಯವರಿಗೂ ಹಿಡಿಸಲಿಲ್ಲವೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಕಂಪನಿಯ ಬಂಡವಾಳವನ್ನು ಮುಟ್ಟದೆ ಅವರು ತಮ್ಮ ಸ್ವಂತ ಹಣವನ್ನೇ ಸುರಿದರು.

ನಕ್ಷೆ ರೂಪಿಸಿದವರು ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ.ಎನ್. ಮಿರ್ಜಾ. ವೈದ್ಯರು 1900ರಲ್ಲಿ ತೀರಿಕೊಂಡಾಗ ಕೆಲಸ ಮುಂದುವರಿಸಿದವರು ಡಬ್ಲ್ಯು.ಎ. ಚೇಂಬರ್ಸ್. ಹೋಟೆಲನ್ನು ಹಿಂದುಮುಂದಾಗಿ ಕಟ್ಟಿಬಿಟ್ಟರೆಂದು ಕೊರಗಿ ವಾಸ್ತುಶಿಲ್ಪಿ ಪ್ರಾಣ ಬಿಟ್ಟನೆಂಬ ಕಥೆಯನ್ನು ಮುಂಬಯಿಯ ಗೈಡುಗಳು ಇಂದಿಗೂ ಪ್ರವಾಸಿಗರಿಗೆ ಒಪ್ಪಿಸುತ್ತಾರೆ. ಅದು ಬರಿಯ ಕಥೆ. ಕುದುರೆಗಾಡಿಗಳು ಬರಲು ಅನುಕೂಲವಾಗಲೆಂದು ಪ್ರವೇಶವನ್ನು ನಗರದ ಕಡೆಗೇ ಇಡಲಾಗಿತ್ತು. ಆ ಮುಂಭಾಗದಲ್ಲಿ ಈಗ ಈಜುಕೊಳವಿದೆ.

ಒಳಗಿನ ಸಾಮಗ್ರಿಯ ಆಯ್ಕೆಯನ್ನು ಜಮ್‌ಶೆಟ್‌ಜಿ ಬೇರೆಯವರಿಗೆ ಬಿಡಲಿಲ್ಲ. ಮಗಳ ಮದುವೆಗೆ ಜವಳಿ ಆರಿಸುವ ಯಜಮಾನನಂತೆ ಯೂರೋಪಿನ ಊರೂರು ಅಲೆದರು. ಡಸೆಲ್‌ಡಾರ್ಫ್‌ನಿಂದ ವಿದ್ಯುತ್ ಯಂತ್ರಗಳು, ಬರ್ಲಿನ್ನಿನಿಂದ ತೂಗುದೀಪಗಳು, ಅಮೆರಿಕದಿಂದ ಫ್ಯಾನುಗಳು, ಪ್ಯಾರಿಸ್ಸಿನಿಂದ ಕಬ್ಬಿಣದ ಕಂಬಗಳು ಬಂದವು. ಮುಂಬಯಿಯಲ್ಲಿ ವಿದ್ಯುದ್ದೀಪ ಕಂಡ ಮೊದಲ ಕಟ್ಟಡ ಇದೆಂಬ ಖ್ಯಾತಿ ತಾಜ್‌ಗಿದೆ. ನಮ್ಮ ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ ಬಂದದ್ದು 1905ರಲ್ಲಿ ಎಂಬುದನ್ನು ನೆನೆದರೆ ಆ ಬೆಳಕಿನ ಬೆರಗು ಅರ್ಥವಾದೀತು.

1903ರ ಡಿಸೆಂಬರ್ 16ರಂದು ತಾಜ್ ಮಹಲ್ ಹೋಟೆಲ್ ಬಾಗಿಲು ತೆರೆಯಿತು. ಕಟ್ಟಡ ಇನ್ನೂ ಪೂರ್ತಿಯಾಗಿರಲಿಲ್ಲ. ಮೊದಲ ದಿನ ಬಂದ ಅತಿಥಿಗಳು ಕೇವಲ 17 ಮಂದಿ. ಇಂದು ತಾಜ್ ಎಂದೊಡನೆ ಕಣ್ಣಿಗೆ ಕಟ್ಟುವ ಗೇಟ್‌ವೇ ಆಫ್ ಇಂಡಿಯಾ ಆಗ ಹುಟ್ಟಿಯೇ ಇರಲಿಲ್ಲ. ಅದು ಪೂರ್ಣಗೊಂಡದ್ದು 1924ರಲ್ಲಿ. ಹೋಟೆಲಿನ ಬಾಗಿಲು ಭಾರತೀಯರಿಗೂ ಬಿಳಿಯರಿಗೂ ಒಂದೇ ಸಮನಾಗಿ ತೆರೆದಿತ್ತು. ಅತಿಥಿಗಳ ಸಂಖ್ಯೆಗಿಂತ ಆ ದಿನದ ದೊಡ್ಡ ಸುದ್ದಿ ಅದೇ ಎನ್ನಬೇಕು.

ಆ ಹೊತ್ತಿಗೆ ಜಮ್‌ಶೆಟ್‌ಜಿಯವರ ಆರೋಗ್ಯ ಕೆಟ್ಟಿತ್ತು. ಚಿಕಿತ್ಸೆಗೆಂದು ಯೂರೋಪಿಗೆ ತೆರಳಿದ ಅವರು 1904ರ ಮೇ 19ರಂದು ಜರ್ಮನಿಯ ಬಾದ್ ನೌಹೈಮ್‌ನಲ್ಲಿ ಕೊನೆಯುಸಿರೆಳೆದರು. ಹೋಟೆಲ್ ತೆರೆದು ಆಗಿನ್ನೂ ಐದು ತಿಂಗಳು. ಇಂಗ್ಲೆಂಡಿನ ಬ್ರೂಕ್‌ವುಡ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು, ವಿಜ್ಞಾನ ಸಂಸ್ಥೆ, ಹೋಟೆಲ್ ಎಂಬ ನಾಲ್ಕು ಕನಸುಗಳಲ್ಲಿ ಅವರು ಕಣ್ಣಾರೆ ಕಂಡದ್ದು ಕೊನೆಯದೊಂದನ್ನೇ. ಮನೆಯವರಿಗೆ ಎಲ್ಲಕ್ಕಿಂತ ಕಡಿಮೆ ಹಿಡಿಸಿದ್ದೂ ಅದೇ.

ಉಳಿದ ಕನಸುಗಳಲ್ಲಿ ಒಂದು ಬೆಂಗಳೂರಿಗೆ ದಕ್ಕಿತು. ವಾಸ್ತವದಲ್ಲಿ ಈ ಊರಿನೊಡನೆ ಅವರ ನಂಟು ಅದಕ್ಕೂ ಹಿಂದಿನದು. ಟಿಪ್ಪುವಿನ ಕಾಲದಿಂದ ಮೈಸೂರು ಸೀಮೆಯಲ್ಲಿ ಬೇರೂರಿದ್ದ ರೇಷ್ಮೆ ಸೊರಗಿದ್ದ ದಿನಗಳಲ್ಲಿ, ಮೈಸೂರು ಸರ್ಕಾರದ ನೆರವಿನಿಂದ ಅವರು ಇಲ್ಲಿ ರೇಷ್ಮೆ ತೋಟ ತೆರೆದು ಜಪಾನಿನ ತಜ್ಞರನ್ನು ಕರೆಸಿದರು. ಬಸವನಗುಡಿಯ ಆಸುಪಾಸಿನಲ್ಲಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರಲ್ಲಿ ಅದರ ನೆನಪು ಉಳಿದಿದೆ. ಹಿಪ್ಪುನೇರಳೆ ಗಿಡಗಳು ಎಂದೋ ಹೋದವು.

1893ರಲ್ಲಿ ಜಪಾನಿನಿಂದ ಕೆನಡಾಕ್ಕೆ ಹೊರಟ ಹಡಗಿನಲ್ಲಿ ಜಮ್‌ಶೆಟ್‌ಜಿಯವರಿಗೆ ಸಹಪ್ರಯಾಣಿಕರಾಗಿದ್ದವರು ಸ್ವಾಮಿ ವಿವೇಕಾನಂದರು. ಹಿಂದಿನ ವರ್ಷವಷ್ಟೇ ಮೈಸೂರು ಸಂಸ್ಥಾನದಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಅತಿಥಿಯಾಗಿದ್ದವರು ಆ ಸನ್ಯಾಸಿ. ಮುಂದೆ ವಿಜ್ಞಾನ ಸಂಸ್ಥೆಯ ಯೋಜನೆಗೆ ಬೆಂಬಲವಾಗಿ ನಿಂತದ್ದೂ ಅದೇ ಶೇಷಾದ್ರಿ ಅಯ್ಯರ್. ಸಂಸ್ಥೆಗಾಗಿ ಜಮ್‌ಶೆಟ್‌ಜಿ ಮುಂಬಯಿಯಲ್ಲಿದ್ದ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಮುಡಿಪಾಗಿಟ್ಟರು. ಬ್ರಿಟಿಷ್ ಸರ್ಕಾರ ವರ್ಷಗಟ್ಟಲೆ ಮೀನಮೇಷ ಎಣಿಸಿತು. ಮೈಸೂರು ಸಂಸ್ಥಾನ 371 ಎಕರೆ ಜಮೀನನ್ನು ನೀಡಿತು. 1909ರಲ್ಲಿ ಸಂಸ್ಥೆ ಸ್ಥಾಪನೆಗೊಂಡಿತು, 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ನೆರವೇರಿಸಿದರು. ಭಾರತೀಯ ವಿಜ್ಞಾನ ಸಂಸ್ಥೆ ಎಂಬ ಹೆಸರಿದ್ದರೂ ಹಳೆಯ ಬೆಂಗಳೂರಿಗರಿಗೆ ಅದು ಟಾಟಾ ಇನ್‌ಸ್ಟಿಟ್ಯೂಟೇ.

ಆದರೆ ಹೋಟೆಲ್ ಮಾತ್ರ ಬೆಂಗಳೂರಿಗೆ ತಡವಾಗಿ ಬಂತು. 1887ರಲ್ಲಿ ಬ್ರಾನ್ಸನ್ ಎಂಬ ಆಂಗ್ಲ ಮಹಿಳೆ ಹತ್ತು ಕೋಣೆಗಳ ವಸತಿಗೃಹವಾಗಿ ಆರಂಭಿಸಿದ ವೆಸ್ಟ್ ಎಂಡ್ ಹೋಟೆಲು ತಾಜ್ ಸಮೂಹದ ಕೈಸೇರಿದ್ದು 1984ರಲ್ಲಿ. ಇಪ್ಪತ್ತು ವರ್ಷಗಳ ನಂತರ, 2004ರಲ್ಲಿ, ಅದೇ ಸಮೂಹ ವೈಟ್‌ಫೀಲ್ಡ್‌ನಲ್ಲಿ ಇಂಡಿಒನ್ ಎಂಬ ಹೆಸರಿನಲ್ಲಿ ಕಡಿಮೆ ದರದ ಹೋಟೆಲೊಂದನ್ನು ತೆರೆಯಿತು. ಕಂಪನಿ ಕೆಲಸಕ್ಕೆಂದು ಒಂದೆರಡು ರಾತ್ರಿ ತಂಗುವವರನ್ನು ಗಮನದಲ್ಲಿಟ್ಟುಕೊಂಡ ಈ ಮಾದರಿಗೆ ಮುಂದೆ ಜಿಂಜರ್ ಎಂಬ ಹೆಸರು ಬಂತು. ತೂಗುದೀಪಗಳಿಲ್ಲದ ಆ ಹೋಟೆಲಿನಲ್ಲಿ ಅತಿಥಿಗಳು ತಮ್ಮ ಪೆಟ್ಟಿಗೆಯನ್ನು ತಾವೇ ಹೊತ್ತು ಕೋಣೆಗೆ ಹೋಗುತ್ತಿದ್ದರು.