ಮೊದಲ ಹಿಮದಲ್ಲಿ ಜೋಜಿ ಲಾ ದಾಟಿಸಿದ ಜನರಲ್ ತಿಮ್ಮಯ್ಯ

ಮಧುಗಿರಿ: ಮಧುಗಿರಿಯ ಏಕಶಿಲಾ ಬೆಟ್ಟವನ್ನೋ ಪಾವಗಡದ ಕೋಟೆಯನ್ನೋ ಏರಿ ಪಳಗಿದ ಚಾರಣಿಗರು ಹಿಮಾಲಯಕ್ಕೆ ಹೊರಡುವುದು ಈಗ ಸಾಮಾನ್ಯ. ಬಂಡೆ, ಬಿಸಿಲು ಅವರಿಗೆ ಪರಿಚಿತ, ಹಿಮವಲ್ಲ. ಹಿಮ ಬೀಳದ ನಾಡಿನಲ್ಲೇ ಹುಟ್ಟಿ, ಋತುವಿನ ಮೊದಲ ಹಿಮದಲ್ಲಿ ಸೈನ್ಯವನ್ನು ಹಿಮಾಲಯದ ಕಣಿವೆ ದಾಟಿಸಿದವರು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದ ತಿಮ್ಮಯ್ಯ, ಕೂನೂರು, ಬೆಂಗಳೂರು ಹಾಗೂ ಡೆಹ್ರಾಡೂನ್‌ಗಳಲ್ಲಿ ಓದಿ, ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೇನಾಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಣರಂಗದಲ್ಲಿ ಬ್ರಿಗೇಡ್ ಮುನ್ನಡೆಸಿ ಡಿಎಸ್‌ಒ ಪದಕ ಗಳಿಸಿದರು.

ಮುಚ್ಚಲಿದ್ದ ದಾರಿ

1948ರಲ್ಲಿ ಕಾಶ್ಮೀರದ ಹೊಣೆ ಅವರ ಹೆಗಲೇರಿತು. ಕಾಶ್ಮೀರ ಕಣಿವೆಯಿಂದ ಲಡಾಖ್‌ಗೆ ಇದ್ದ ದಾರಿ 11,500 ಅಡಿಗೂ ಎತ್ತರದ ಜೋಜಿ ಲಾ. ಎರಡೂ ಬದಿಯ ಕಡಿದಾದ ಇಳಿಜಾರುಗಳಿಂದ ಹಿಮ ಕುಸಿದು ಬೀಳುವ ಸ್ಥಳವದು. ಅಲ್ಲಿ ಎದುರಾಳಿಗಳು ಬೀಡುಬಿಟ್ಟಿದ್ದರು. ಸೆಪ್ಟೆಂಬರ್‌ನಲ್ಲಿ ನಡೆದ ದಾಳಿ ವಿಫಲವಾಗಿತ್ತು. ಚಳಿಗಾಲಕ್ಕೆ ಮುನ್ನ ದಾರಿ ತೆರೆಯದಿದ್ದರೆ ಲೇಹ್ ಮುಂದಿನ ಬೇಸಿಗೆಯವರೆಗೆ ಏಕಾಂಗಿಯಾಗುತ್ತಿತ್ತು.

ತಿಮ್ಮಯ್ಯ ಯಾರೂ ಊಹಿಸದ ಉಪಾಯ ಹೂಡಿದರು. ಸ್ಟುವರ್ಟ್ ಟ್ಯಾಂಕ್‌ಗಳನ್ನು ಗುಟ್ಟಾಗಿ ಬಾಲ್ತಾಲ್‌ಗೆ ತರಲಾಯಿತು. ಬೆಂಗಳೂರನ್ನು ನೆಲೆಯಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್ ಯೋಧರು ಹೇಸರಗತ್ತೆಯ ಹಾದಿಯನ್ನು ಅಗಲಗೊಳಿಸಿದರು. ಅಕ್ಟೋಬರ್‌ನಲ್ಲಿ ನಡೆಯಬೇಕಿದ್ದ ದಾಳಿ ಪ್ರತಿಕೂಲ ಹವೆಯಿಂದ ಮುಂದಕ್ಕೆ ಹೋಯಿತು. ಕೊನೆಗೆ ನವೆಂಬರ್ 1ರಂದು ಟ್ಯಾಂಕ್‌ಗಳು ಕಣಿವೆಗೆ ನುಗ್ಗಿದವು. ಮುಂಚೂಣಿಯಲ್ಲಿ ಸ್ವತಃ ತಿಮ್ಮಯ್ಯ ಇದ್ದರು. ಆ ತಿಂಗಳು ಮುಗಿಯುವ ಮೊದಲೇ ದ್ರಾಸ್, ಕಾರ್ಗಿಲ್ ಕೈಸೇರಿದವು. ಶೀತದಿಂದ ಕೈಕಾಲು ಮರಗಟ್ಟಿದ ಯೋಧರು ಅನೇಕರು.

ಮೊದಲ ಹಿಮದ ಮೋಸ

ಋತುವಿನ ಆರಂಭದ ಹಿಮ ತೆಳುವಾಗಿ ಕಂಡರೂ ಅಪಾಯಕಾರಿ. ಕೊರೆವ ರಾತ್ರಿಗಳಲ್ಲಿ ಅದು ಸಕ್ಕರೆಯಂತೆ ಬಿಡಿಬಿಡಿ ಹರಳಾಗುತ್ತದೆ. ಅದರ ಮೇಲೆ ಬಿದ್ದ, ಗಾಳಿ ತಂದು ಗುಡ್ಡೆಹಾಕಿದ ಹೊಸ ಹಿಮ ಗಟ್ಟಿಯಾಗಿ ಅಂಟಿಕೊಳ್ಳದು. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬನ ತೂಕಕ್ಕೇ ಇಡೀ ಪದರ ಜಾರಬಹುದು. ಹೂತುಹೋದವರನ್ನು ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆಯದಿದ್ದರೆ ಬದುಕುವ ಸಾಧ್ಯತೆ ತೀವ್ರವಾಗಿ ಕುಸಿಯುತ್ತದೆ.

ಆದ್ದರಿಂದ ಭಾರಿ ಹಿಮ ಬಿದ್ದ ಬಳಿಕ ಒಂದೆರಡು ದಿನವಾದರೂ ಕಾಯುವುದು, ಶಂಕಿತ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟುವುದು, ಸಂಕೇತ ಸಾಧನ, ಶೋಧಕೋಲು, ಸಲಿಕೆಗಳನ್ನು ಪ್ರತಿಯೊಬ್ಬರೂ ಒಯ್ಯುವುದು ಅಗತ್ಯ. ಡಿಆರ್‌ಡಿಒ ಅಧೀನದ ಚಂಡೀಗಢದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ನೀಡುತ್ತದೆ. ಯುದ್ಧದ ತುರ್ತಿನಲ್ಲೂ ಹವೆಗಾಗಿ ದಾಳಿಯ ದಿನವೇ ಬದಲಾಗಿತ್ತು. ರಜೆ ಮುಗಿಯುತ್ತದೆಂಬ ಕಾರಣಕ್ಕೆ ಚಾರಣಿಗರು ಅವಸರ ಪಡಬೇಕಾಗಿಲ್ಲ.

1953ರಲ್ಲಿ ತಿಮ್ಮಯ್ಯ ಕೊರಿಯಾದಲ್ಲಿ ಯುದ್ಧಕೈದಿಗಳ ವಾಪಸಾತಿಗಾಗಿ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನೇತೃತ್ವ ವಹಿಸಿದ್ದಾಗಲೇ, 1965ರ ಡಿಸೆಂಬರ್ 18ರಂದು ನಿಧನರಾದರು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ಲೋಕಾರ್ಪಣೆಗೊಂಡಿತು.