ಮನೆಯನ್ನೇ ದಾಸೋಹಕ್ಕೆ ಅರ್ಪಿಸಿದ ಗೃಹಸ್ಥ: ಡಾ. ಫ.ಗು. ಹಳಕಟ್ಟಿಯವರು

ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಅನೇಕರು ಗುರುದರ್ಶನ ಮುಗಿಸಿ, ಪ್ರಸಾದ ಸ್ವೀಕರಿಸಿ, ಕಾರ್ಯಾಲಯದಲ್ಲಿ ಅರೆಗಳಿಗೆ ಕುಳಿತು ಹೋಗುವುದು ವಾಡಿಕೆ. ಆಗ ಅವರ ಬಾಯಿಂದ ಮತ್ತೆ ಮತ್ತೆ ಕೇಳಿಬರುವ ಸಂದೇಹವೊಂದಿದೆ. ಮನೆಯಲ್ಲಿ ಮಕ್ಕಳ ಓದು, ಮುಪ್ಪಿನ ತಂದೆತಾಯಿ, ತೀರಿಸಬೇಕಾದ ಸಾಲ. ಹೊರಗೆ ನೋಡಿದರೆ ಹಸಿದವರು, ಶುಲ್ಕ ಕಟ್ಟಲಾಗದೆ ಶಾಲೆ ಬಿಟ್ಟವರು, ಮಳೆ ಕೈಕೊಟ್ಟು ಗುಳೆ ಹೊರಟವರು. ಕೊಟ್ಟರೆ ಮಕ್ಕಳ ಪಾಲನ್ನು ಕಿತ್ತುಕೊಂಡಂತೆ, ಕೊಡದಿದ್ದರೆ ಬಡವರ ಪಾಲನ್ನು ಬಚ್ಚಿಟ್ಟುಕೊಂಡಂತೆ ಮನಸ್ಸು ಕೊರೆಯುತ್ತದೆ ಎಂದು ಹಿರಿಯ ಭಕ್ತರೊಬ್ಬರು ಒಮ್ಮೆ ಹೇಳಿಕೊಂಡರು. ಆ ಮಾತಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬಹುದಿನ ಚಿಂತಿಸಿದ ಮೇಲೆ ನೆನಪಾದದ್ದು ನಮ್ಮ ಧಾರವಾಡದ ಮಣ್ಣಿನಲ್ಲಿಯೇ ಹುಟ್ಟಿದ ಒಬ್ಬ ಗೃಹಸ್ಥರ ಬಾಳು. ಅವರೇ ವಚನಪಿತಾಮಹರೆಂದು ನಾಡು ಗೌರವಿಸುವ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು ಜನಿಸಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು. ತಾಯಿ ದಾನಮ್ಮನವರು. ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ತಾಯಿ ಲಿಂಗೈಕ್ಯರಾದರು. ಅಜ್ಜಿಯ ಮಡಿಲೇ ಆಸರೆಯಾಯಿತು. ಅಕ್ಕರೆಯ ಬೆಲೆಯನ್ನು ಅವರು ಅರಿತದ್ದು ಅದರ ಕೊರತೆಯ ಮೂಲಕ. ಆ ದಿನಗಳ ಧಾರವಾಡದಲ್ಲಿ ಎಚ್ಚರದ ಗಾಳಿ ಬೀಸತೊಡಗಿತ್ತು. ಸಮಾಜದ ಮಕ್ಕಳು ವಿದ್ಯಾವಂತರಾಗಬೇಕೆಂಬ ಹಂಬಲದಿಂದ ಹಿರಿಯರು 1883ರಲ್ಲಿಯೇ ಲಿಂಗಾಯತ ವಿದ್ಯಾಭಿವೃದ್ಧಿಯ ಕಾರ್ಯಕ್ಕೆ ಅಡಿಗಲ್ಲಿಟ್ಟಿದ್ದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಉದಯಿಸಿತ್ತು. ಈ ವಾತಾವರಣದಲ್ಲಿ ಓದಿ ಬೆಳೆದ ಬಾಲಕ ಮುಂದೆ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ ಪದವೀಧರನಾದನು. 1904ರಲ್ಲಿ ಕಾನೂನು ಪದವಿಯೂ ಕೈಸೇರಿತು. ಚಿಕ್ಕೋಡಿ ಮನೆತನದ ಭಾಗೀರಥಿಯವರು ಅವರ ಬಾಳಸಂಗಾತಿಯಾಗಿ ಬಂದರು.

ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ವೃತ್ತಿ ನಡೆಸಿ ಹಳಕಟ್ಟಿಯವರು ವಿಜಯಪುರಕ್ಕೆ ಬಂದು ನೆಲೆಸಿದರು. ಕಾನೂನು ಬಲ್ಲವರು ವಿರಳವಾಗಿದ್ದ ಕಾಲವದು. ಬೇರೇನನ್ನೂ ಯೋಚಿಸದೆ ವೃತ್ತಿಯನ್ನೊಂದೇ ಹಿಡಿದಿದ್ದರೆ ಹೊಲ, ಮನೆ, ಬಂಗಾರ ಯಾವುದಕ್ಕೂ ಕೊರತೆಯಾಗುತ್ತಿರಲಿಲ್ಲ. ಆದರೆ ವಿಜಯಪುರವು ಬರದ ಸೀಮೆ. 1896ರಿಂದ 1900ರ ನಡುವೆ ಎರಡು ಬಾರಿ ಎರಗಿದ ಭೀಕರ ಕ್ಷಾಮದ ಗಾಯ ಇನ್ನೂ ಮಾಸಿರಲಿಲ್ಲ. ರೈತನ ದುಡಿಮೆ ಸಾಲಿಗನ ಬಡ್ಡಿಗೆ, ನೇಕಾರನ ದುಡಿಮೆ ನೂಲಿನ ವ್ಯಾಪಾರಿಗೆ ಸಲ್ಲುತ್ತಿದ್ದ ಸ್ಥಿತಿ. ಒಬ್ಬರಿಗೆ ಒಂದು ದಿನದ ಅನ್ನ ನೀಡಿದರೆ ಈ ಬಡತನ ನೀಗದು, ಬಡವರ ಮಕ್ಕಳಿಗೆ ಅಕ್ಷರ ಸಿಗಬೇಕು, ದುಡಿಯುವವರಿಗೆ ನ್ಯಾಯವಾದ ಬಡ್ಡಿಯಲ್ಲಿ ಸಾಲ ಸಿಗಬೇಕು ಎಂಬುದು ಅವರಿಗೆ ಮನವರಿಕೆಯಾಯಿತು. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದರು. 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಮುಂದಾದರು. ಹಣವಂತರ ಮನೆಬಾಗಿಲಲ್ಲಿ ಕೈಮುಗಿದು ನಿಲ್ಲುತ್ತಿದ್ದ ಜನ, ತಮ್ಮದೇ ಚಿಕ್ಕ ಚಿಕ್ಕ ಉಳಿತಾಯದಿಂದ ಕೂಡಿದ ನಿಧಿಯಲ್ಲಿ ಸಾಲ ಪಡೆದು ತಲೆಯೆತ್ತಿ ನಡೆಯುವಂತಾಗುವುದೇ ಸಹಕಾರದ ಮರ್ಮ. ಅದು ದಾಸೋಹದ ಇನ್ನೊಂದು ರೂಪವಲ್ಲದೆ ಬೇರೇನೂ ಅಲ್ಲ.

ಇದೇ ಅವಧಿಯಲ್ಲಿ ಅವರನ್ನು ಸೆಳೆದದ್ದು ತಾಡೋಲೆಯ ಕಟ್ಟುಗಳು. ಮಠಗಳಲ್ಲಿ, ಗೃಹಸ್ಥರ ಜಗಲಿಗಳ ಮೇಲೆ ವಚನದ ಓಲೆಗಳು ವಿಭೂತಿ ಪತ್ರಿ ಏರಿಸಿಕೊಂಡು ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ಕಡಿಮೆ. ಹುಳುವಿಗೂ ಧೂಳಿಗೂ ಆಹಾರವಾಗುತ್ತಿದ್ದ ಆ ಓಲೆಗಳಲ್ಲಿ ಅಂಬಿಗರು, ಮಡಿವಾಳರು, ಮಾದಾರರು, ಕಸ ಗುಡಿಸುವ ತಾಯಂದಿರು ನುಡಿದ ಅನುಭಾವ ಅಡಗಿತ್ತು. ಬಡವರಿಗೆ ಅನ್ನ, ಅಕ್ಷರ, ಸಾಲಗಳಷ್ಟೇ ಅಲ್ಲ, ಅವರ ಹಿರಿಯರ ಮಾತನ್ನೂ ಮರಳಿ ಕೊಡಬೇಕೆಂದು ಹಳಕಟ್ಟಿಯವರು ಪಣತೊಟ್ಟರು. ಊರೂರು ಅಲೆದು ಓಲೆಗಳನ್ನು ಕೂಡಿಸಿದರು, ಪಾಠ ಹೋಲಿಸಿದರು, ಪ್ರತಿ ಮಾಡಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದಿತು. ಅದುವರೆಗೆ ಸುಮಾರು ಐವತ್ತು ವಚನಕಾರರ ಹೆಸರುಗಳಷ್ಟೇ ತಿಳಿದಿದ್ದ ಕನ್ನಡ ಲೋಕಕ್ಕೆ ಅವರ ಶೋಧದಿಂದ ಇನ್ನೂರೈವತ್ತಕ್ಕೂ ಮಿಕ್ಕಿದ ವಚನಕಾರರ ಪರಿಚಯವಾಯಿತು.

ಪರರ ಮುದ್ರಣಾಲಯವನ್ನು ನೆಚ್ಚಿಕೊಂಡು ಈ ಕಾರ್ಯ ಸಾಗದೆಂದು ಕಂಡಾಗ ಅವರು ತೆಗೆದುಕೊಂಡ ನಿರ್ಧಾರವೇ ಈ ಲೇಖನದ ಹೃದಯ. ವಾಸದ ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನೂ ಹೊರಡಿಸಿದರು. ಒಂದು ಶಿವನ ಕುರಿತದ್ದು, ಇನ್ನೊಂದು ನಾಡಿನ ಸುಖದುಃಖಗಳ ಕುರಿತದ್ದು. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರನ್ನು ಅರಸಿ ಬಂದಿತು. ಸಮ್ಮೇಳನದ ಅಧ್ಯಕ್ಷರು ಮರಳಿ ಬಂದು ಸೇರಿದ್ದು ಬಾಡಿಗೆ ಮನೆಯನ್ನು. ಉಳಿದ ಬದುಕೆಲ್ಲ ಬಾಡಿಗೆ ಮನೆಯಲ್ಲಿಯೇ ಕಳೆಯಿತು. ತೇಪೆ ಹಾಕಿದ ಕೋಟು ಧರಿಸಿ ಮುದ್ರಣಾಲಯಕ್ಕೆ ನಡೆದುಬರುತ್ತಿದ್ದ ವಕೀಲರನ್ನು ಕಂಡ ಹಿರಿಯರ ನೆನಪುಗಳು ಆ ಭಾಗದಲ್ಲಿ ಮನೆಮಾತಾಗಿವೆ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಮನೆ ಮಾರಿದರು ಎಂದು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಮನೆಯಲ್ಲಿ ಹಳಕಟ್ಟಿಯವರೊಬ್ಬರೇ ವಾಸವಾಗಿದ್ದರೇ? ಒಲೆ ಹೊತ್ತಿಸುತ್ತಿದ್ದವರು ಭಾಗೀರಥಿಯವರು. ಅಂಗಳದಲ್ಲಿ ಆಡುತ್ತಿದ್ದವರು ಮಕ್ಕಳು. ಪಾತ್ರೆ ಪಡಗ ಕಟ್ಟಿಕೊಂಡು ಬಾಡಿಗೆ ಮನೆಗೆ ನಡೆದವರು ಅವರೆಲ್ಲರೂ ಹೌದು. ಮುದ್ರಣದ ಕಾಗದಕ್ಕೆ ಹೋದ ಪ್ರತಿ ರೂಪಾಯಿ ಮನೆಯ ಕಾಳುಕಡಿಯಲ್ಲಿ ಕಡಿಮೆಯಾದ ರೂಪಾಯಿಯೇ. ಮುಂದೆ ಪತ್ನಿಯ ಅಗಲಿಕೆ, ಮಕ್ಕಳ ಸಾವು ಎಂಬ ಸಹಿಸಲಾಗದ ಪೆಟ್ಟುಗಳೂ ಆ ಮನೆತನದ ಮೇಲೆ ಬಿದ್ದವು. ಅಂಥ ದುಃಖದಲ್ಲಿಯೂ ಕರಡಚ್ಚು ತಿದ್ದುವ ಕೈ ನಿಲ್ಲಲಿಲ್ಲವೆಂಬುದನ್ನು ನೆನೆದಾಗ ತಲೆ ಬಾಗುತ್ತದೆ; ಜೊತೆಗೆ ಎದೆಯೂ ಭಾರವಾಗುತ್ತದೆ. ಆದುದರಿಂದ ವಚನಗಳನ್ನು ಉಳಿಸಿದ ಕೀರ್ತಿ ಒಬ್ಬ ವ್ಯಕ್ತಿಗಲ್ಲ, ಒಂದು ಕುಟುಂಬಕ್ಕೆ ಸಲ್ಲಬೇಕು. ನಮ್ಮ ವೇದಿಕೆಗಳಲ್ಲಿ ಭಾಗೀರಥಿಯವರ ಹೆಸರು ಎಷ್ಟು ಸಲ ಕೇಳಿಬಂದಿದೆ ಎಂದು ನಮ್ಮನ್ನು ನಾವೇ ಪ್ರಶ್ನಿಸಿಕೊಳ್ಳಬೇಕು.

ಸಂಸಾರವನ್ನು ತೊರೆದು ಲೋಕಸೇವೆ ಮಾಡೆಂದು ನಮ್ಮ ಧರ್ಮ ಹೇಳಲಿಲ್ಲ. ಬಸವಾದಿ ಶರಣರಲ್ಲಿ ಬಹುತೇಕರು ಸಂಸಾರಿಗಳೇ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಹೆಚ್ಚಳವನ್ನು ಮರಳಿ ಸುರಿದು ಬರುವಂತೆ ತಿದ್ದಿದವರು ಪತ್ನಿ ಲಕ್ಕಮ್ಮನವರು. ಆ ಮನೆಯಲ್ಲಿ ಎಷ್ಟು ಸಾಕು ಎಂಬುದನ್ನು ಗಂಡನೊಬ್ಬನೇ ನಿರ್ಧರಿಸಲಿಲ್ಲ. ಹೆಂಡತಿಯ ಅರಿವು ಗಂಡನ ಅರಿವಿಗಿಂತ ಒಂದು ಹೆಜ್ಜೆ ಮುಂದಿತ್ತು. ಲೋಕದ ಬಡವರಿಗೆ ಮಿಡಿಯುವ ಮನ ಮನೆಯವರಿಗೂ ಮಿಡಿಯಬೇಕು. ಮನೆಯವರ ಮನವೂ ಕೂಡಿಬಂದಾಗ ದಾನವು ದಾಸೋಹವಾಗುತ್ತದೆ. ಮನೆಯವರ ಕಣ್ಣೀರಿನಿಂದ ತೋಯ್ದ ದಾನಕ್ಕೂ, ಮನೆಯವರ ಹೆಸರು ಹೇಳಿಕೊಂಡು ಮುಷ್ಟಿ ಬಿಗಿ ಹಿಡಿಯುವ ಲೋಭಕ್ಕೂ ನಡುವೆ ಇರುವ ದಾರಿ ಇದೊಂದೇ.

ಹಳಕಟ್ಟಿಯವರ ಬಾಳಿನಿಂದ ಕಲಿಯಬೇಕಾದ ಇನ್ನೊಂದು ಪಾಠ ಕೊಟ್ಟವರಿಗಲ್ಲ, ಪಡೆದವರಿಗೆ. ಅವರು ಸಂಪಾದಿಸಿ ಅಚ್ಚು ಹಾಕಿದ ವಚನಗಳನ್ನು ನಾವೆಲ್ಲ ಹಾಡಿದೆವು, ಪ್ರವಚನ ಮಾಡಿದೆವು. ಪುಸ್ತಕ ಕೊಂಡು, ಚಂದಾ ಕಟ್ಟಿ, ಆ ಮನೆಯ ಭಾರವನ್ನು ಹಂಚಿಕೊಳ್ಳಲು ಆಗಿನ ಸಮಾಜ ಸಕಾಲದಲ್ಲಿ ಧಾರಾಳವಾಗಿ ಮುಂದೆ ಬಂದಿದ್ದರೆ ಒಬ್ಬ ಗೃಹಸ್ಥ ತನ್ನ ಸೂರನ್ನೇ ಮಾರಬೇಕಾಗಿರಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಗೌರವ ಡಾಕ್ಟರೇಟ್ ನೀಡಿ ಹುಟ್ಟೂರಿನ ಋಣವನ್ನು ಕಿಂಚಿತ್ ತೀರಿಸಿತು. ಆಗ ಅವರಿಗೆ ಎಪ್ಪತ್ತಾರು ವರ್ಷ. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಇಂದು ಅವರ ಜನ್ಮದಿನವನ್ನು ಸರ್ಕಾರವು ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸುತ್ತಿದೆ. ಅವರು ನೆಟ್ಟ ವಿದ್ಯಾಸಂಸ್ಥೆ ಹೆಮ್ಮರವಾಗಿ ಬೆಳೆದು ಸಾವಿರಾರು ಮಕ್ಕಳಿಗೆ ನೆರಳು ನೀಡುತ್ತಿದೆ. ಮಾಲೆ ಹಾಕುವ ಕೈಗಳು ಕಷ್ಟಕಾಲದಲ್ಲಿ ಹೆಗಲಾಗುವುದನ್ನೂ ಕಲಿಯಬೇಕು. ನಮ್ಮ ನಡುವೆ ಇಂದಿಗೂ ಬಡ ಮಕ್ಕಳಿಗೆ ಪಾಠ ಹೇಳುವ, ರೋಗಿಗಳ ಸೇವೆ ಮಾಡುವ ಗೃಹಸ್ಥರಿದ್ದಾರೆ. ಅವರ ಮನೆಯಲ್ಲಿ ಇಂದು ಒಲೆ ಹೊತ್ತಿತೇ ಎಂದು ವಿಚಾರಿಸುವುದೂ ದಾಸೋಹವೇ.

ಆ ಹಿರಿಯ ಭಕ್ತರು ಮುಂದೊಂದು ಸೋಮವಾರ ಮತ್ತೆ ಶ್ರೀಮಠಕ್ಕೆ ಬಂದಾಗ ಈ ಚರಿತ್ರೆಯನ್ನು ಅವರಿಗೆ ಹೇಳಿದೆನು. ಮನೆಗೆ ಹೋಗಿ, ಇಷ್ಟಲಿಂಗ ಪೂಜೆಯ ಬಳಿಕ ಮಡದಿ ಮಕ್ಕಳನ್ನು ಕೂಡಿಸಿಕೊಂಡು, ಬಂದ ಆದಾಯವೆಷ್ಟು, ಮನೆಗೆ ಸಾಕಾಗುವುದೆಷ್ಟು, ಜಂಗಮಲೋಕಕ್ಕೆ ಸಲ್ಲಬೇಕಾದುದೆಷ್ಟು ಎಂಬುದನ್ನು ಎಲ್ಲರೂ ಸೇರಿ ನಿಶ್ಚಯಿಸಲು ವಿನಂತಿಸಿದೆನು. ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ. ಅದರಲ್ಲಿ ಮನೆಯ ಚಿಕ್ಕ ಮಗುವಿನ ಒಂದು ನಾಣ್ಯವೂ ಇರಲಿ. ಸದ್ಭಕ್ತರೆಲ್ಲರಲ್ಲಿಯೂ ನಮ್ಮ ಪ್ರಾರ್ಥನೆ ಇದೇ.