ಸರ್ ಜಾನ್ ವುಡ್ರೋಫ್: ಕುಂಡಲಿನಿ ಶಾಸ್ತ್ರಕ್ಕೆ ದನಿಯಾದ ನ್ಯಾಯಮೂರ್ತಿ

ನಾವು ನೆಲೆಸಿರುವ ಊರುಗಳಲ್ಲಿ ಇಂದು 'ಕುಂಡಲಿನಿ ಯೋಗ' ಎಂಬ ಫಲಕ ಕಾಣುವುದು ಅಪರೂಪವೇನಲ್ಲ. ಮೂಲಾಧಾರ, ಸಹಸ್ರಾರ ಎಂಬ ಪದಗಳನ್ನು ನಮ್ಮ ಮಕ್ಕಳು ಮನೆಯ ಹಿರಿಯರ ಬಾಯಲ್ಲಿ ಕೇಳುವ ಮೊದಲೇ ಯೋಗದ ತರಗತಿಯಲ್ಲಿ ಕೇಳಿರುತ್ತಾರೆ. ಇಂಗ್ಲಿಷ್ ಓದುವ ಜಗತ್ತಿಗೆ ಈ ವಿದ್ಯೆಯನ್ನು ಶಾಸ್ತ್ರಬದ್ಧವಾಗಿ ಪರಿಚಯಿಸಿದವರಲ್ಲಿ ಪ್ರಮುಖರು, ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಸರ್ ಜಾನ್ ವುಡ್ರೋಫ್.

1865ರಲ್ಲಿ ಜನಿಸಿದ ವುಡ್ರೋಫರ ತಂದೆ ಬಂಗಾಳದ ಅಡ್ವೊಕೇಟ್ ಜನರಲ್ ಆಗಿದ್ದರು. ಮಗ ಆಕ್ಸ್‌ಫರ್ಡಿನಲ್ಲಿ ಓದಿ, 1890ರಲ್ಲಿ ಕಲ್ಕತ್ತೆಯಲ್ಲಿ ವಕೀಲಿ ಆರಂಭಿಸಿದರು. ಅಮೀರ್ ಅಲಿಯವರೊಡನೆ ಅವರು ಬರೆದ ಸಾಕ್ಷ್ಯ ಕಾಯಿದೆಯ ಗ್ರಂಥ ಭಾರತದ ವಕೀಲರಿಗೆ ಇಂದಿಗೂ ಪರಿಚಿತ. 1904ರಲ್ಲಿ ನ್ಯಾಯಮೂರ್ತಿಯಾದರು, 1915ರಲ್ಲಿ 'ಸರ್' ಪದವಿ ಬಂತು.

ಆ ಕಾಲದಲ್ಲಿ ತಂತ್ರಶಾಸ್ತ್ರವೆಂದರೆ ಮಾಟಮಂತ್ರ, ಅನಾಚಾರ ಎಂಬ ಭಾವನೆ ಬಲವಾಗಿತ್ತು. ಪಾದ್ರಿಗಳಷ್ಟೇ ಅಲ್ಲ, ಇಂಗ್ಲಿಷ್ ಕಲಿತ ನಮ್ಮವರೂ ಅದರ ಹೆಸರೆತ್ತಲು ನಾಚುತ್ತಿದ್ದರು. ಅಂಥ ಹೊತ್ತಿನಲ್ಲಿ ಈ ನ್ಯಾಯಮೂರ್ತಿ ಬಂಗಾಳದ ಶಾಕ್ತ ಪಂಡಿತ ಶಿವಚಂದ್ರ ವಿದ್ಯಾರ್ಣವರನ್ನು ಗುರುವೆಂದು ಗೌರವಿಸಿದರು. 1913ರಿಂದ 'ಆರ್ಥರ್ ಅವಲಾನ್' ಎಂಬ ಹೆಸರಿನಲ್ಲಿ ತಂತ್ರಗ್ರಂಥಗಳು ಒಂದರ ಹಿಂದೆ ಒಂದು ಹೊರಬಂದವು. ಆಪಾದನೆ ಕೇಳಿದ ಮಾತ್ರಕ್ಕೆ ತೀರ್ಪು ಕೊಡದೆ, ಮೂಲ ದಾಖಲೆಗಳನ್ನೇ ಎದುರಿಗಿಟ್ಟು ವಾದಿಸುವ ನ್ಯಾಯಾಲಯದ ಕ್ರಮ ಈ ಕೆಲಸದಲ್ಲೂ ಕಾಣುತ್ತದೆ.

1919ರಲ್ಲಿ ಬಂದದ್ದು 'ದಿ ಸರ್ಪೆಂಟ್ ಪವರ್'. ಅದರ ಮೂಲ, ಬಂಗಾಳದ ಪೂರ್ಣಾನಂದ ಯತಿಗಳು 1577ರಲ್ಲಿ ರಚಿಸಿದ 'ಶ್ರೀತತ್ತ್ವಚಿಂತಾಮಣಿ'ಯ ಭಾಗವಾದ 'ಷಟ್‌ಚಕ್ರನಿರೂಪಣ'. ಮೂಲಾಧಾರದಲ್ಲಿ ಸ್ವಯಂಭೂ ಲಿಂಗವನ್ನು ಮೂರೂವರೆ ಸುತ್ತು ಸುತ್ತಿ ಮಲಗಿರುವ ಶಕ್ತಿಯೇ ಕುಂಡಲಿನಿ. ಗುರುವಿನ ಮಾರ್ಗದರ್ಶನದಲ್ಲಿ ಎಚ್ಚರಗೊಂಡ ಆಕೆ ಸುಷುಮ್ನಾ ನಾಡಿಯಲ್ಲಿ ಆರು ಚಕ್ರಗಳನ್ನು ದಾಟಿ, ಸಹಸ್ರಾರದಲ್ಲಿ ಶಿವನನ್ನು ಸೇರುತ್ತಾಳೆ. ಆರು ಕಮಲಗಳ ದಳಗಳು 4, 6, 10, 12, 16, 2. ಒಟ್ಟು 50, ಒಂದೊಂದು ದಳಕ್ಕೂ ಒಂದೊಂದು ಅಕ್ಷರ. ಮಾತು, ಮಂತ್ರ, ದೇಹ ಮೂರೂ ಒಂದೇ ಶಕ್ತಿಯ ರೂಪಗಳೆಂಬುದು ಇದರ ತಾತ್ಪರ್ಯ. ಈ ವಿಚಾರ ನಮಗೇನೂ ಹೊಸದಲ್ಲ. ಹೃದಯದ ನೂರೊಂದು ನಾಡಿಗಳಲ್ಲಿ ಒಂದು ನೆತ್ತಿಗೇರುತ್ತದೆ ಎಂದು ಕಠೋಪನಿಷತ್ತು ತಿಳಿಸಿದೆ. ಮನೆಮನೆಗಳಲ್ಲಿ ಪಠಿಸುವ ಸೌಂದರ್ಯಲಹರಿಯಲ್ಲೂ ದೇವಿಯ ಈ ಆರೋಹಣದ ವರ್ಣನೆ ಇದೆ.

ಅವಲಾನ್ ಪುಸ್ತಕಗಳ ಹಿಂದೆ ಇನ್ನೊಬ್ಬರಿದ್ದರು: ವಕೀಲರಾಗಿದ್ದ ಅಟಲ್ ಬಿಹಾರಿ ಘೋಷ್. ಈ ಕೃತಿಗಳು ತನ್ನೊಬ್ಬನ ಕೆಲಸವಲ್ಲ, ನೆರವಾದ ಗೆಳೆಯ ತನ್ನ ಹೆಸರು ಹೇಳಲು ಒಪ್ಪುತ್ತಿಲ್ಲ ಎಂದು ವುಡ್ರೋಫರೇ ಬರೆದಿದ್ದರು. ಸಂಸ್ಕೃತ ಪಾಂಡಿತ್ಯದ ಹೆಚ್ಚಿನ ಪಾಲು ಘೋಷರದೇ ಎಂದು 2001ರಲ್ಲಿ ಪ್ರಕಟವಾದ ಕ್ಯಾಥ್ಲೀನ್ ಟೇಲರ್ ಅವರ ಸಂಶೋಧನೆ ತೋರಿಸಿಕೊಟ್ಟಿತು. ಒಬ್ಬರು ತಮ್ಮ ವಿದ್ಯೆಯನ್ನು ಕೊಟ್ಟರು. ಇನ್ನೊಬ್ಬರು ತಮ್ಮ ಸ್ಥಾನಮಾನವನ್ನು ಅದರ ಬೆನ್ನಿಗಿಟ್ಟರು.

ವಿಲಿಯಂ ಆರ್ಚರ್ ಎಂಬ ವಿಮರ್ಶಕ ಭಾರತೀಯ ಸಂಸ್ಕೃತಿಯನ್ನು ಹೀಗಳೆದಾಗ, ವುಡ್ರೋಫ್ 1918ರಲ್ಲಿ ತಮ್ಮ ನಿಜ ಹೆಸರಿನಲ್ಲೇ ಒಂದು ಪುಸ್ತಕ ಬರೆದು ಉತ್ತರ ಕೊಟ್ಟರು. 1922ರಲ್ಲಿ ನಿವೃತ್ತರಾಗಿ, ಮುಂದೆ ಆಕ್ಸ್‌ಫರ್ಡಿನಲ್ಲಿ ಭಾರತೀಯ ಕಾನೂನು ಬೋಧಿಸಿದರು. 1932ರಲ್ಲಿ ಮನೋವಿಜ್ಞಾನಿ ಕಾರ್ಲ್ ಯೂಂಗ್ ಜ್ಯೂರಿಕ್‌ನಲ್ಲಿ ಕುಂಡಲಿನಿಯ ಬಗ್ಗೆ ಉಪನ್ಯಾಸ ಕೊಟ್ಟಾಗ ಆಧಾರವಾಗಿದ್ದದ್ದು 'ದಿ ಸರ್ಪೆಂಟ್ ಪವರ್'. ವುಡ್ರೋಫ್ 1936ರಲ್ಲಿ ಫ್ರಾನ್ಸಿನಲ್ಲಿ ನಿಧನರಾದರು.

ಕುಂಡಲಿನಿ ಬರಿಯ ವ್ಯಾಯಾಮವಲ್ಲ. ಅದು ದೇವಿಯ ಉಪಾಸನೆ, ಗುರುಮುಖೇನ ಬರುವ ವಿದ್ಯೆ. ಮುಂದೆ ಮಕ್ಕಳು ಚಕ್ರಗಳ ಬಗ್ಗೆ ಕೇಳಿದಾಗ ಪೂರ್ಣಾನಂದ ಯತಿಗಳನ್ನೂ, ಹೆಸರು ಬಯಸದ ಘೋಷರನ್ನೂ, ಈ ನ್ಯಾಯಮೂರ್ತಿಯನ್ನೂ ಅವರಿಗೆ ಪರಿಚಯಿಸೋಣ. ನಮ್ಮದನ್ನು ನಾವೇ ನಾಚಿಕೆಯಿಂದ ಬದಿಗಿಟ್ಟಿದ್ದ ಕಾಲದಲ್ಲಿ ಅದನ್ನು ಗೌರವದಿಂದ ಎತ್ತಿ ಹಿಡಿದವರಿಗೆ ನಾವು ಸಲ್ಲಿಸಬಹುದಾದ ನಮನ ಇದೇ.